ಮುಯ್ಯಿಯ ಪುಸ್ತಕ

ನಮ್ಮ ಹಳ್ಳಿಗಾಡಿನ ಮದುವೆಗಳಲ್ಲಿ ಮುಯ್ಯಿ ಓದಿಸುವುದೆಂಬ ಒಂದು ಪದ್ಧತಿಯುಂಟು. ಧಾರೆ ಮುಗಿದ ಮೇಲೆ ಚಪ್ಪರದ ಕಂಬಕ್ಕೊರಗಿ ಕುಳಿತ ಹಿರಿಯರೊಬ್ಬರು ತೊಡೆಯ ಮೇಲೆ ಪುಸ್ತಕವನ್ನಿರಿಸಿಕೊಂಡು, ಇಂಥವರು ಇಷ್ಟು ರೂಪಾಯಿ, ಇಂಥವರು ಒಂದು ಕುಪ್ಪಸದ ಕಣ ಎಂದು ಕೂಗಿ ಹೇಳುತ್ತ ಬರೆದುಕೊಳ್ಳುತ್ತಾರೆ. ಅದು ದಾನವಲ್ಲ, ಸಾಲವೆಂದರೂ ತಪ್ಪಾದೀತು. ನಾಳೆ ಅವರ ಮನೆಯಲ್ಲಿ ಚಪ್ಪರವೆದ್ದಾಗ ಈ ಪುಸ್ತಕವನ್ನು ತೆರೆದು ನೋಡಿ, ಬಂದುದಕ್ಕೆ ಒಂದು ರೂಪಾಯಿಯನ್ನಾದರೂ ಹೆಚ್ಚಿಗೆ ಸೇರಿಸಿ ಮರಳಿಸಬೇಕೆಂಬುದು ಮರ್ಯಾದೆ. ಹೊಲಗೆಲಸದಲ್ಲಿ ಮುಯ್ಯಾಳು ಎನ್ನುವುದೂ ಇದೇ ಲೆಕ್ಕ. ಇಂದು ನಾನು ನಿಮ್ಮ ಕಳೆಗೆ ಬಂದೆ, ಬರುವ ವಾರ ನೀವು ನನ್ನ ನಾಟಿಗೆ ಬರಬೇಕು. ಆದರೆ ಅದೇ ಊರಿನ ಹೊರಗೆ, ಬೇಸಿಗೆಯಲ್ಲಿ ಅರವಟ್ಟಿಗೆಯನ್ನಿಟ್ಟು ನೀರುಮಜ್ಜಿಗೆ ಕೊಡುವವರು ದಾರಿಹೋಕನ ಹೆಸರನ್ನು ಕೇಳುವುದಿಲ್ಲ. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿದಿರುತ್ತದೆ. ನೀರು ಕುಡಿದವರ ಹೆಸರನ್ನು ಯಾರೂ ಕೆತ್ತಿಸಿದ್ದಿಲ್ಲ.

ಈ ಎರಡು ಬಗೆಯ ಕೊಡುಗೆಗಳ ನಡುವೆ ಇರುವ ದೂರವನ್ನು ಒಂದು ಆಧುನಿಕ ಸಂಸ್ಥೆ ಹೇಗೆ ನಡೆದುಬಂದಿತೆಂಬುದನ್ನು ಹೇಳಬೇಕೆಂದು ನನ್ನ ಅಪೇಕ್ಷೆ. ಸೇವಾಕ್ಲಬ್ಬುಗಳೆಂದರೆ ನಮಗೆ ಹೊಸವಲ್ಲ. ಊರು ಪ್ರವೇಶಿಸುವಲ್ಲಿ ಹಲ್ಲುಗಾಲಿಯ ಚಿತ್ರವಿರುವ ಸ್ವಾಗತ ಫಲಕ, ಸಿಂಹದ ಮುಖವಿರುವ ಬಸ್ ತಂಗುದಾಣ, ರಕ್ತದಾನ ಶಿಬಿರದ ಬಟ್ಟೆಯ ಬ್ಯಾನರು, ಇವನ್ನು ಕಾಣದ ತಾಲ್ಲೂಕು ಕೇಂದ್ರ ಅಪರೂಪ. ಇವುಗಳನ್ನು ನೋಡಿ ನಾವು ಸಾಮಾನ್ಯವಾಗಿ ಒಂದೋ ಮೆಚ್ಚುತ್ತೇವೆ, ಇಲ್ಲವೆ ಉಳ್ಳವರ ಹವ್ಯಾಸವೆಂದು ಸಣ್ಣಗೆ ನಗುತ್ತೇವೆ. ಎರಡಕ್ಕೂ ಚರಿತ್ರೆಯಲ್ಲಿ ಆಧಾರವಿದೆ.

1905ರ ಫೆಬ್ರವರಿ 23ರ ಸಂಜೆ ಅಮೆರಿಕದ ಷಿಕಾಗೊ ನಗರದ ಡಿಯರ್‌ಬಾರ್ನ್ ಬೀದಿಯ ಯೂನಿಟಿ ಕಟ್ಟಡದಲ್ಲಿ, ಏಳನೆಯ ಅಂತಸ್ತಿನ 711ನೆಯ ಕೋಣೆಯಲ್ಲಿ ನಾಲ್ವರು ಕುಳಿತಿದ್ದರು. ಕೋಣೆ ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್ ಎಂಬಾತನದು. ಉಳಿದವರಲ್ಲಿ ಸಿಲ್ವೆಸ್ಟರ್ ಶೀಲ್ ಕಲ್ಲಿದ್ದಲಿನ ವ್ಯಾಪಾರಿ, ಹೈರಮ್ ಶೋರಿ ದರ್ಜಿಯ ವೃತ್ತಿಯವನು. ಅವರನ್ನು ಕೂಡಿಸಿದವನು ಪಾಲ್ ಹ್ಯಾರಿಸ್ ಎಂಬ ವಕೀಲ. ಅಜ್ಜ ಅಜ್ಜಿಯರ ಆಶ್ರಯದಲ್ಲಿ ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಎಂಬ ಪುಟ್ಟ ಊರಿನಲ್ಲಿ ಬೆಳೆದ ಈತ 1896ರಲ್ಲಿ ಷಿಕಾಗೊವಿಗೆ ಬಂದು ನೆಲಸಿದ್ದ. ಶತಮಾನದ ತಿರುವಿನಲ್ಲಿ ಆ ನಗರದ ಜನಸಂಖ್ಯೆ ಹದಿನೇಳು ಲಕ್ಷದ ಸಮೀಪ. ಕಕ್ಷಿಗಾರರಿದ್ದರು, ಸ್ನೇಹಿತರಿರಲಿಲ್ಲ, ಭಾನುವಾರಗಳು ಕಳೆಯುವುದೇ ಕಷ್ಟವಾಗಿತ್ತು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು ಎಂಬ ನೆಮ್ಮದಿಯನ್ನು ನಗರದಲ್ಲಿ ಒಂದಿಷ್ಟು ಕಟ್ಟಿಕೊಳ್ಳಲು ಸಾಧ್ಯವೇ ಎಂಬುದು ಆತನ ಹಂಬಲ. ಒಂದೊಂದು ಬಾರಿ ಒಬ್ಬೊಬ್ಬ ಸದಸ್ಯನ ಕಚೇರಿಯಲ್ಲಿ, ಸರದಿಯ ಮೇಲೆ, ಸಭೆ ಸೇರುತ್ತಿದ್ದುದರಿಂದ ಸುತ್ತುವುದೆಂಬ ಅರ್ಥದಲ್ಲಿ ಕೂಟಕ್ಕೆ ರೋಟರಿ ಎಂಬ ಹೆಸರು ಬಂತು.

ಬರಿಯ ಸ್ನೇಹವೆಂದು ಹೇಳಿದರೆ ಅರ್ಧ ಮಾತ್ರ ಹೇಳಿದಂತಾದೀತು. ಒಂದು ಉದ್ಯೋಗಕ್ಕೆ ಒಬ್ಬನೇ ಸದಸ್ಯ ಎಂಬುದು ಅವರ ನಿಯಮ. ಏಕೆಂದರೆ ದರ್ಜಿ ಕಲ್ಲಿದ್ದಲನ್ನು ಶೀಲ್‌ನಲ್ಲಿಯೇ ಕೊಳ್ಳಬೇಕು, ಶೀಲ್ ತನ್ನ ಅಂಗಿಯನ್ನು ದರ್ಜಿಯಿಂದಲೇ ಹೊಲಿಸಬೇಕು, ಇಬ್ಬರ ವ್ಯಾಜ್ಯವೂ ಹ್ಯಾರಿಸ್‌ನ ಬಳಿಗೆ ಹೋಗಬೇಕು. ಸದಸ್ಯರು ಪರಸ್ಪರ ಕೊಟ್ಟುಕೊಂಡ ವ್ಯಾಪಾರವನ್ನು ನಮೂದಿಸಲು ಅಂಕಿಅಂಶಾಧಿಕಾರಿ ಎಂಬ ಪದಾಧಿಕಾರಿಯೊಬ್ಬನು ಬೇರೆ ಇದ್ದ. ನಮ್ಮ ಚಪ್ಪರದ ಹಿರಿಯರಿಗೂ ಆತನಿಗೂ ಏನೇನೂ ಭೇದವಿಲ್ಲ! ಇದನ್ನು ಹೀನಾಯವೆಂದು ನಾನು ಹೇಳುತ್ತಿಲ್ಲ. ಬಂಧುಬಳಗವಿಲ್ಲದ ಊರಿನಲ್ಲಿ ಮುಯ್ಯಿಯೂ ಒಂದು ಆಸರೆಯೇ.

ಈ ಪುಸ್ತಕವನ್ನು ಮೊದಲು ಪ್ರಶ್ನಿಸಿದವನು ಹೊರಗಿನವನು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲನನ್ನು ಸದಸ್ಯನಾಗೆಂದು ಕರೆದರು. ಆತ ಕ್ಲಬ್ಬಿನ ಉದ್ದೇಶಗಳನ್ನು ಓದಿ ನೋಡಿದ. ಸದಸ್ಯರ ವ್ಯಾಪಾರದ ಏಳಿಗೆ ಒಂದು, ಸದಸ್ಯರೊಳಗಿನ ಸ್ನೇಹ ಇನ್ನೊಂದು. ಊರಿನ ಮಾತೇ ಅಲ್ಲಿರಲಿಲ್ಲ. ತನಗಾಗಿಯೇ ಇರುವ ಕೂಟ ಬಾಳಲಾರದೆಂದು ಹೇಳಿ ಆತ ಸೇರಲು ಒಪ್ಪಲಿಲ್ಲ. ಕೋಪಿಸಿಕೊಳ್ಳದೆ ಅವರು ಆತನನ್ನೇ ಕರೆದು ತಿದ್ದುಪಡಿಗೆ ಸಹಾಯ ಬೇಡಿದರು ಎಂಬುದು ಆ ಜನರ ಹಿರಿಮೆ. ಷಿಕಾಗೊ ನಗರದ ಹಿತವನ್ನು ಸಾಧಿಸುವುದು, ನಾಗರಿಕ ಅಭಿಮಾನವನ್ನು ಬೆಳೆಸುವುದು ಎಂಬ ಮೂರನೆಯ ಉದ್ದೇಶ ಹೀಗೆ ಸೇರಿತು. ಕಾರ್ಟರನೂ ಸೇರಿದ.

ಮಾತು ಸೇರಿಸಿದ್ದಾಯಿತು, ಕೆಲಸವೇನು? 1907ರಲ್ಲಿ ಅವರು ಕೈಗೆತ್ತಿಕೊಂಡದ್ದು ಒಂದು ಸಾರ್ವಜನಿಕ ಶೌಚಾಲಯ. ಶ್ರೋತೃಗಳು ನಗಬಾರದು. ಪೇಟೆಗೆ ಬಂದ ಗಂಡಸಿಗೆ ದೇಹಬಾಧೆ ತೀರಿಸಿಕೊಳ್ಳಬೇಕಾದರೆ ಮದ್ಯದಂಗಡಿಯ ಹೊರತು ಗತಿಯಿರಲಿಲ್ಲ, ಅಲ್ಲಿ ಹೋದರೆ ಒಂದು ಲೋಟ ಕೊಳ್ಳದೆ ಬರುವಂತಿರಲಿಲ್ಲ. ಹೆಂಗಸರಿಗೆ ಸ್ಟೇಟ್ ಬೀದಿಯ ದೊಡ್ಡ ಅಂಗಡಿಗಳೇ ಗತಿ. ಆದುದರಿಂದ ಈ ಬಡ ಯೋಜನೆಗೆ ಎರಡು ಪ್ರಬಲ ವಿರೋಧಿಗಳು ಹುಟ್ಟಿಕೊಂಡರು. ನಗರದ ಆರು ಸಾವಿರ ಮದ್ಯದಂಗಡಿಗಳಲ್ಲಿ ಈ ಅನುಕೂಲ ಇದ್ದೇ ಇದೆಯಲ್ಲ ಎಂದರು ಮದ್ಯ ತಯಾರಕರ ಸಂಘದವರು. ನಮ್ಮಲ್ಲಿ ಬಿಟ್ಟಿಯಾಗಿಯೇ ದೊರೆಯುತ್ತದಲ್ಲ ಎಂದರು ಅಂಗಡಿಯವರು. ಕ್ಲಬ್ಬಿನವರು ಬೇರೆ ಸಂಘಗಳನ್ನು ಒಟ್ಟುಗೂಡಿಸಿ, ಎರಡು ವರ್ಷ ಓಡಾಡಿ, ನಗರಾಡಳಿತದ ಕೈಯಿಂದ 20,000 ಡಾಲರು ಹೊರಡಿಸಿದರು. 1909ರಲ್ಲಿ ವಾಷಿಂಗ್‌ಟನ್ ಮತ್ತು ಲಸಾಲ್ ಬೀದಿಗಳು ಕೂಡುವಲ್ಲಿ ಕಟ್ಟಡ ತೆರೆಯಿತು. ಅದನ್ನು ಬಳಸಿದವನ ಹೆಸರನ್ನು ಬರೆದುಕೊಳ್ಳಲು ಯಾವ ಅಧಿಕಾರಿಯೂ ಇರಲಿಲ್ಲ. ಒಂದು ಲೋಕವ್ಯಾಪಿ ಸೇವಾಸಂಸ್ಥೆಯ ಮೊದಲ ದೊಡ್ಡ ಕಾರ್ಯ ದೇವಾಲಯವೂ ಅಲ್ಲದೆ ವಿದ್ಯಾಲಯವೂ ಅಲ್ಲದೆ ಇದಾಯಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಎಷ್ಟೋ ಪೇಟೆಗಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳ ಪಾಲಿಗೆ, ಆ 1907ನೆಯ ಇಸವಿ ಇನ್ನೂ ಮುಗಿದಿಲ್ಲ.

ಹಣ ಕೂಡಿಸುವ ಕಲೆಯ ಚರಿತ್ರೆಗೆ ಮಾತ್ರ ನಾವು ಒಹಾಯೊ ರಾಜ್ಯದ ಇಲೀರಿಯ ಎಂಬ ಸಣ್ಣ ಊರಿಗೆ ಹೋಗಬೇಕು. ಅಲ್ಲಿ 1907ರ ಮೇ 30ರಂದು ವಿದ್ಯುತ್ ರೈಲುಬಂಡಿಗಳು ಡಿಕ್ಕಿ ಹೊಡೆದವು. ಗಾಯಗೊಂಡವರನ್ನು ಸೇರಿಸಲು ಊರಿನಲ್ಲಿ ಸರಿಯಾದ ಆಸ್ಪತ್ರೆಯಿರಲಿಲ್ಲ. ಸತ್ತವರಲ್ಲಿ ಎಡ್ಗರ್ ಆಲೆನ್ ಎಂಬ ಮರದ ವ್ಯಾಪಾರಿಯ ಮಗನೂ ಒಬ್ಬ. ಆ ತಂದೆ ತನ್ನ ವ್ಯಾಪಾರವನ್ನು ಮಾರಿ, ಊರಿನವರಿಂದ ಹಣ ಎತ್ತಿ, 1908ರಲ್ಲಿ ಅಲ್ಲೊಂದು ಆಸ್ಪತ್ರೆಯನ್ನು ತೆರೆಸಿದ. ಅಂಗವಿಕಲರಾದ ಮಕ್ಕಳನ್ನು ಆ ಕಾಲದಲ್ಲಿ ಮನೆಯೊಳಗೇ ಮರೆಮಾಡಿಡುತ್ತಿದ್ದರೆಂಬುದು ಆತನಿಗೆ ಆಸ್ಪತ್ರೆಯ ಕೆಲಸದಲ್ಲಿ ತಿಳಿಯಿತು. ಅವರಿಗೆಂದೇ 1915ರಲ್ಲಿ ಇನ್ನೊಂದು ಆಸ್ಪತ್ರೆ. ಆದರೆ ಒಬ್ಬ ಮನುಷ್ಯನ ದುಃಖಕ್ಕೆ ಒಂದು ಊರಿನಷ್ಟೇ ವ್ಯಾಪ್ತಿ. 1919ರಲ್ಲಿ ಆತ ಒಹಾಯೊ ರಾಜ್ಯದ ರೋಟರಿ ಕ್ಲಬ್ಬುಗಳ ಬಳಿಗೆ ಹೋದ. ಪ್ರತಿ ಊರಿನಲ್ಲಿಯೂ ಇಂಥ ಮಕ್ಕಳನ್ನು ಮನೆಮನೆಗೆ ಹೋಗಿ ಹುಡುಕಿ, ವೈದ್ಯರ ಬಳಿಗೆ ಕರೆತರುವ ಕೆಲಸಕ್ಕೆ ಒಂದು ಸಂಘ ಹುಟ್ಟಿತು; ಮಕ್ಕಳು ಆ ಮುದುಕನನ್ನು ಅಪ್ಪ ಆಲೆನ್ ಎಂದೇ ಕರೆದರು.

ಈ ಸಂಘ 1934ರಲ್ಲಿ ಈಸ್ಟರ್ ಹಬ್ಬದ ಮುದ್ರೆಗಳನ್ನು ಅಚ್ಚುಮಾಡಿಸಿತು. ಕಾಗದದ ಲಕೋಟೆಯ ಮೇಲೆ ಅಂಚೆಚೀಟಿಯ ಪಕ್ಕದಲ್ಲಿ ಅಂಟಿಸುವ ಪುಟ್ಟ ಚೀಟಿ. ಈ ಉಪಾಯದ ಮೂಲ 1904ರ ಡೆನ್ಮಾರ್ಕಿನಲ್ಲಿ. ಅಲ್ಲಿ ಹೋಲ್‌ಬೊಲ್ ಎಂಬ ಅಂಚೆ ನೌಕರ ಕ್ರಿಸ್ಮಸ್ ಮುದ್ರೆಯನ್ನು ಮೊದಲು ಹೊರಡಿಸಿದ್ದ. ನಮ್ಮಲ್ಲಿ 1950ರ ಅಕ್ಟೋಬರ್ 2ರಂದು ಆರಂಭವಾದ ಕ್ಷಯರೋಗದ ಮುದ್ರೆಯೂ ಇದೇ ಮನೆತನದ್ದು. ಶಾಲೆಯಲ್ಲಿ ಮೇಷ್ಟರು ಆ ಚೀಟಿಯ ಹಾಳೆಯನ್ನು ಹಂಚಿದಾಗ ಹತ್ತು ಪೈಸೆಗಾಗಿ ಮನೆಯಲ್ಲಿ ಗೋಗರೆದವರು ಈ ಭಾಷಣವನ್ನು ಕೇಳುತ್ತಿರಬಹುದು. ಒಬ್ಬ ಧನಿಕನ ಸಾವಿರಕ್ಕಿಂತ ಸಾವಿರ ಮಕ್ಕಳ ಹತ್ತು ಪೈಸೆ ಬೇರೊಂದು ಬಗೆಯ ಹಣ. ಅದರ ಜೊತೆಗೆ ರೋಗದ ಹೆಸರೂ ಸಾವಿರ ಮನೆಗಳಿಗೆ ಹೋಗುತ್ತದೆ.

ಷಿಕಾಗೊವಿನಲ್ಲಿಯೇ 1917ರಲ್ಲಿ ವಿಮೆಯ ಏಜೆಂಟ್ ಮೆಲ್ವಿನ್ ಜೋನ್ಸ್ ಲಯನ್ಸ್ ಸಂಸ್ಥೆಗೆ ಚಾಲನೆ ಕೊಟ್ಟ. ಅವನದೂ ಮೊದಲಿಗೆ ವ್ಯಾಪಾರಿಗಳ ಕೂಟವೇ. ಆ ಸಂಸ್ಥೆಗೆ ಕೆಲಸವನ್ನು ತೋರಿಸಿಕೊಟ್ಟವರು ಹೆಲೆನ್ ಕೆಲರ್. 1925ರ ಜೂನ್ 30ರಂದು, ಮತ್ತೆ ಒಹಾಯೊದಲ್ಲಿಯೇ, ಈರಿ ಸರೋವರದ ದಂಡೆಯ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶದಲ್ಲಿ, ಕಣ್ಣೂ ಕಿವಿಯೂ ಇಲ್ಲದ ಆಕೆ ಕುರುಡರ ಪಕ್ಷದ ವೀರಯೋಧರಾಗಿರೆಂದು ಅವರನ್ನು ಬೇಡಿದರು. ಆ ಮಾತಿನ ಫಲ ನಮ್ಮ ನಾಡಿಗೂ ಮುಟ್ಟಿತು. 1956ರಲ್ಲಿ ಮುಂಬಯಿಯಲ್ಲಿ ಭಾರತದ ಮೊದಲ ಲಯನ್ಸ್ ಕ್ಲಬ್ ಆದ ಮೇಲೆ ನೇತ್ರಶಿಬಿರವೆಂಬ ಮಾತು ಕನ್ನಡದ ಮನೆಮಾತಾಯಿತು. ಬೀಳಗಿಯಲ್ಲಿ 1915ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಅದಕ್ಕೆ ಮೊದಲೇ ಊರೂರು ತಿರುಗಿ ಪೊರೆ ತೆಗೆಯಲು ಹೊರಟಿದ್ದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದರೆಂದು ಗಿನ್ನೆಸ್ ಪುಸ್ತಕ ಅವರ ಹೆಸರನ್ನು ದಾಖಲಿಸಿತು. ಇಂಥ ಶಿಬಿರವೆಂದರೆ ವೈದ್ಯರ ಕೈಚಳಕವಷ್ಟೆ ಅಲ್ಲ. ಹೈಸ್ಕೂಲಿನ ಬೆಂಚುಗಳನ್ನು ಹೊರಗೆ ಸಾಗಿಸುವವರು ಬೇಕು, ಜವಳಿ ಅಂಗಡಿಯವನಿಂದ ಬಟ್ಟೆ, ಅಕ್ಕಿ ಗಿರಣಿಯವನಿಂದ ಅಕ್ಕಿ ಬರಬೇಕು, ಹಳ್ಳಿಯಿಂದ ಮುದುಕರನ್ನು ಗಾಡಿಯಲ್ಲಿ ತಂದು ಕಣ್ಣಿಗೆ ಪಟ್ಟಿ ಕಟ್ಟಿದ ದಿನಗಳಲ್ಲಿ ಕೈಹಿಡಿದು ನಡೆಸಬೇಕು. ಊರಿನ ಕ್ಲಬ್ಬಿನ ನಿಜವಾದ ದುಡಿಮೆ ಅಲ್ಲಿತ್ತು. ಮುಂದೆ ಸೋಂಕಿನ ಭಯದಿಂದ ಶಾಲೆಯ ಕೋಣೆಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುವುದು ನಿಂತು, ಶಿಬಿರದಲ್ಲಿ ತಪಾಸಣೆ, ಆಸ್ಪತ್ರೆಯಲ್ಲಿ ಚಿಕಿತ್ಸೆ ಎಂಬ ಕ್ರಮ ಬಂದುದು ಒಳ್ಳೆಯದೇ ಆಯಿತು.

ನಗುವವರ ಮಾತನ್ನೂ ಹೇಳಬೇಕಷ್ಟೆ. 1922ರಲ್ಲಿ ಸಿಂಕ್ಲೇರ್ ಲೂಯಿಸ್ ಬರೆದ ‘ಬ್ಯಾಬಿಟ್’ ಕಾದಂಬರಿ ಈ ಬಗೆಯ ಭೋಜನಕೂಟಗಳನ್ನೂ, ಬೆನ್ನು ತಟ್ಟುವ ಸ್ನೇಹವನ್ನೂ, ಸೇವೆಯ ಹೆಸರಿನ ವ್ಯಾಪಾರವನ್ನೂ ನಿರ್ದಯವಾಗಿ ಗೇಲಿಮಾಡಿತು. ಎಂಟು ವರ್ಷಗಳ ನಂತರ ಆ ಲೇಖಕನಿಗೆ ನೊಬೆಲ್ ಬಂತು. ಗೇಲಿ ಪೂರ್ತಿ ಅನ್ಯಾಯವಾಗಿರಲಿಲ್ಲ. ಚೆನ್ನಾಗಿ ಸೇವೆಮಾಡಿದವನಿಗೇ ಹೆಚ್ಚು ಲಾಭವೆಂಬುದನ್ನು ರೋಟರಿಯವರು ಧ್ಯೇಯವಾಕ್ಯವಾಗಿಯೇ ಇಟ್ಟುಕೊಂಡಿದ್ದರು. ಅದಕ್ಕಿಂತ ದೊಡ್ಡ ದೋಷವೊಂದು ಆ ಮಾತಿನೊಳಗೇ ಅಡಗಿತ್ತು: ಸೇವೆ ಮಾಡುವವನು ‘ಅವನು’. ಹಬ್ಬದ ಮಾರಾಟಕ್ಕೆ ತಿಂಡಿ ಮಾಡಿದವರು, ಹೊಲಿಗೆ ಹೊಲಿದವರು, ಮನೆಮನೆಯ ಚಂದಾ ಎತ್ತಿದವರು ಬಹುಮಟ್ಟಿಗೆ ಸದಸ್ಯರ ಪತ್ನಿಯರು. ಅವರಿಗೆ ಕುರ್ಚಿ ಮಾತ್ರ ಇರಲಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅಂಥ ಹೆಂಗಸರು ಮಾರ್ಗರೆಟ್ ಗೋಲ್ಡಿಂಗ್ ಅವರ ಮುಂದಾಳುತನದಲ್ಲಿ 1924ರ ಜನವರಿಯಲ್ಲಿ ಇನ್ನರ್ ವ್ಹೀಲ್ ಎಂಬ ತಮ್ಮದೇ ಕ್ಲಬ್ಬನ್ನು ಕಟ್ಟಿದರು. ಗಂಡಸರ ಕ್ಲಬ್ಬಿನ ಬಾಗಿಲು ತೆರೆಯಲು ಇನ್ನೂ ಅರುವತ್ತು ವರ್ಷ ಹಿಡಿಯಿತು. ಕ್ಯಾಲಿಫೋರ್ನಿಯದ ಡುವಾರ್ಟೆ ಎಂಬ ಊರಿನ ಸಣ್ಣ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತೆಂದು ಮರುವರ್ಷ ಅದರ ಮಾನ್ಯತೆಯನ್ನೇ ಕಿತ್ತುಕೊಂಡರು. ಅವರು ‘ಮಾಜಿ ರೋಟರಿ ಕ್ಲಬ್’ ಎಂದು ಹೆಸರಿಟ್ಟುಕೊಂಡು ಸಭೆ ಸೇರುತ್ತಲೇ, ನ್ಯಾಯಾಲಯಕ್ಕೂ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಅವರ ಪಕ್ಷವನ್ನು ಎತ್ತಿಹಿಡಿಯಿತು. 1989ರಲ್ಲಿ ಸಂಸ್ಥೆಯ ನಿಯಮವೇ ಬದಲಾಯಿತು. ಲೋಕದ ರೋಟರಿಗೆ ಮೊದಲ ಮಹಿಳಾ ಅಧ್ಯಕ್ಷರು ಬಂದದ್ದು 2022ರಲ್ಲಿ.

ಭಾರತದಲ್ಲಿ ರೋಟರಿ ಕಾಲಿಟ್ಟದ್ದು ಕಲ್ಕತ್ತೆಯಲ್ಲಿ, 1919ರಲ್ಲಿ. ಬೆಂಗಳೂರಿಗೆ ಬಂದದ್ದು 1934ರಲ್ಲಿ. ಆ ಕಲ್ಕತ್ತೆಯ ಕ್ಲಬ್ಬಿನ ನಿತೀಶ್ ಲಾಹರಿಯವರು 1962ರಲ್ಲಿ ಲೋಕಾಧ್ಯಕ್ಷರಾದ ಮೊದಲ ಏಷ್ಯನರಾದರು. ಈ ನಡುವೆ ಸಂಸ್ಥೆಯ ಹಣದ ಪೆಟ್ಟಿಗೆಯೂ ಬೆಳೆದಿತ್ತು. ಆರ್ಚ್ ಕ್ಲಂಫ್ ಎಂಬಾತ 1917ರಲ್ಲಿ ಲೋಕದ ಒಳಿತಿಗೊಂದು ನಿಧಿ ಬೇಕೆಂದಾಗ ಮೊದಲು ಬಂದ ಕಾಣಿಕೆ, ಕಾನ್ಸಾಸ್ ನಗರದ ಕ್ಲಬ್ಬಿನಿಂದ, ಇಪ್ಪತ್ತಾರೂವರೆ ಡಾಲರು. 1930ರಲ್ಲಿ ಆ ನಿಧಿಯಿಂದ ಕೊಟ್ಟ ಮೊದಲ ನೆರವು 500 ಡಾಲರು. ಪಡೆದದ್ದು ಅಪ್ಪ ಆಲೆನ್‌ನ ಸಂಘ.

ಆಲೆನ್ ಹುಡುಕುತ್ತಿದ್ದ ಮಕ್ಕಳಲ್ಲಿ ಪೋಲಿಯೊದಿಂದ ಕಾಲು ಕಳೆದುಕೊಂಡವರು ಎಷ್ಟೋ ಮಂದಿ. ಆ ರೋಗದ ಬೇರಿಗೇ ಕೈಹಾಕಬಹುದೆಂಬ ಧೈರ್ಯ 1979ರಲ್ಲಿ ಫಿಲಿಪೀನ್ಸಿನ ಅರುವತ್ತು ಲಕ್ಷ ಮಕ್ಕಳಿಗೆ ಹನಿ ಹಾಕುವ ಯೋಜನೆಯಿಂದ ಬಂತು. 1985ರಲ್ಲಿ 12 ಕೋಟಿ ಡಾಲರು ಎತ್ತುವುದೆಂದು ಹೊರಟವರು, ಊರೂರಿನ ನಡಿಗೆ, ಹರಾಜು, ಲಾಟರಿ, ಊಟಕೂಟಗಳ ಮೂಲಕ, ಮೂರು ವರ್ಷಗಳಲ್ಲಿ 24 ಕೋಟಿಯನ್ನು ಮೀರಿಸಿದರು. ಆ 1988ರಲ್ಲಿ ಲೋಕದಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳು ಪೋಲಿಯೊಗೆ ತುತ್ತಾಗುತ್ತಿದ್ದರೆಂದು ಅಂದಾಜು.

ಭಾರತದಲ್ಲಿ 1995ರ ಡಿಸೆಂಬರಿನಲ್ಲಿ ದೇಶವ್ಯಾಪಿ ಪಲ್ಸ್ ಪೋಲಿಯೊ ದಿನಗಳು ಮೊದಲಾದವು. ಇದರ ಕೀರ್ತಿಯನ್ನೆಲ್ಲ ಕ್ಲಬ್ಬುಗಳಿಗೆ ಕಟ್ಟುವುದು ಸರಿಯಲ್ಲ. ವೆಚ್ಚದ ಬಹುಪಾಲು ಭಾರತ ಸರ್ಕಾರದ್ದು. ಬಿಸಿಲಿನಲ್ಲಿ ಲಸಿಕೆಯ ನೀಲಿ ಪೆಟ್ಟಿಗೆಯನ್ನು ಹೆಗಲಿಗೆ ತಗುಲಿಸಿಕೊಂಡು ನಡೆದವರು ಅಂಗನವಾಡಿಯ ಮತ್ತು ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು. ಕ್ಲಬ್ಬಿನವರು ಬೂತುಗಳಿಗೆ ಮೇಜು, ಊಟ, ವಾಹನ ಒದಗಿಸಿದರು. ಹನಿಯ ಬಗೆಗೆ ಗಾಳಿಮಾತು ಹಬ್ಬಿದ ಉತ್ತರ ಪ್ರದೇಶದ ಊರುಗಳಲ್ಲಿ ಮೌಲ್ವಿಗಳ ಮನೆಗಳಿಗೆ ಹೋಗಿ ಕುಳಿತು ಅವರ ಮಾತನ್ನು ಬೇಡಿದರು. 2009ರಲ್ಲಿಯೂ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಈ ರೋಗ ತಗುಲಿತು. ಆ ವರ್ಷ ಲೋಕದ ಒಟ್ಟು ಲೆಕ್ಕದ ಸುಮಾರು ಅರ್ಧ ನಮ್ಮದೇ. ಹದಿನಾಲ್ಕು ವರ್ಷ ದುಡಿದೂ ಇಷ್ಟೇ ಎಂದು ಕೈಬಿಟ್ಟಿದ್ದರೆ ಯಾರೂ ತಪ್ಪು ಹಿಡಿಯುತ್ತಿರಲಿಲ್ಲವೇನೊ.

ಕೈಬಿಡಲಿಲ್ಲ. ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರಂದು ಕಂಡುಬಂತು. ಅದು ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. 1919ರಲ್ಲಿ ಮೊದಲ ಕ್ಲಬ್ಬು ಸೇರಿದ ಕಲ್ಕತ್ತೆಯಿಂದ ಹೌರಾ ನಗರಕ್ಕೆ ಹೂಗ್ಲಿ ನದಿಯೊಂದೇ ಅಡ್ಡ. 2014ರ ಮಾರ್ಚ್ 27ರಂದು ನಮ್ಮ ಪ್ರದೇಶ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಕಾಡುವೈರಾಣು ಪಾಕಿಸ್ತಾನ ಮತ್ತು ಆಫ್ಘಾನಿಸ್ತಾನಗಳಲ್ಲಿ ಇನ್ನೂ ನೆಲೆನಿಂತಿರುವುದರಿಂದ ನಮ್ಮಲ್ಲಿ ಹನಿ ಹಾಕುವುದು ನಿಂತಿಲ್ಲ. ಹನಿ ಕುಡಿದ ಮಗುವಿನ ಕಿರುಬೆರಳಿಗೆ ಶಾಯಿಯ ಗುರುತು. ಮನೆಯ ಬಾಗಿಲ ಬಳಿ ಸೀಮೆಸುಣ್ಣದಲ್ಲಿ ಒಂದು ಅಕ್ಷರ, ದಿನಾಂಕ. ಮಗು ಸಿಕ್ಕದ ಮನೆಯ ಗೋಡೆಗೆ ಅಡ್ಡಗೆರೆಗಳ ಒಂದು ಗುರುತು ಹಾಕುತ್ತಾರೆ; ಮರುದಿನ ಅದನ್ನು ನೋಡಿಕೊಂಡು ಮತ್ತೆ ಬಂದು ಬಾಗಿಲು ತಟ್ಟುತ್ತಾರೆ.