ವಧೂವಸ್ತ್ರವೂ ಮನೆಯ ಕೈಗಳೂ

ವಿವಾಹಕಾಲದಲ್ಲಿ ವಧುವಿಗೆ ನೂತನವಸ್ತ್ರವನ್ನು ಉಡಿಸುವುದು ಪ್ರಾಚೀನವಾದ ಆಚಾರವು. ಆ ವಸ್ತ್ರವನ್ನು ಸಿದ್ಧಪಡಿಸುತ್ತಿದ್ದವರು ಯಾರೆಂಬುದಕ್ಕೆ ಅಥರ್ವವೇದದ ವಿವಾಹಪರವಾದ ಹದಿನಾಲ್ಕನೆಯ ಕಾಂಡವೇ ಸಾಕ್ಷಿ. ನೂಲನ್ನು ತೆಗೆದ, ಹಾಸನ್ನು ಹೂಡಿದ, ನೆಯ್ದ, ಅಂಚುಗಳನ್ನು ಹೊಂದಿಸಿದ ದೇವಿಯರು ವಧುವನ್ನು ವೃದ್ಧಾಪ್ಯದವರೆಗೂ ಹೊದಿಸಿ ಕಾಯಲೆಂದು ಅಲ್ಲಿಯ ಒಂದು ಮಂತ್ರವು ಹಾರೈಸುತ್ತದೆ. ಇನ್ನೊಂದರಲ್ಲಿ ದೇವಿಯರ ಮಾತಿಲ್ಲ. ಅಂಚು, ಸೆರಗು, ಹಾಸು, ಹೊಕ್ಕುಗಳನ್ನು ಹೆಸರಿಸಿ, ಗೃಹಿಣಿಯರು ನೆಯ್ದ ಆ ಬಟ್ಟೆಯು ಮೈಗೆ ಹಿತವಾಗಿ ಸೋಂಕಲೆಂದು ಪ್ರಾರ್ಥಿಸಿದೆ. ಮೊದಲನೆಯ ಮಂತ್ರವು ಅಲ್ಪ ಪಾಠಭೇದದೊಡನೆ ಪಾರಸ್ಕರ ಗೃಹ್ಯಸೂತ್ರದಲ್ಲಿಯೂ ವಧುವಿನ ವಸ್ತ್ರಧಾರಣೆಗೆ ವಿನಿಯುಕ್ತವಾಗಿದೆ.

ಕಾಲಕ್ರಮದಲ್ಲಿ ಈ ಕಾರ್ಯವು ಮನೆಯನ್ನು ಬಿಟ್ಟು ಅಂಗಡಿಯನ್ನು ಸೇರಿತು. ಮಂತ್ರವು ಮಾತ್ರ ಪುರೋಹಿತರ ಬಾಯಲ್ಲಿ ಉಳಿಯಿತು. ಆದರೂ ಅದರ ಹುರುಳು ಅಳಿಯಲಿಲ್ಲ. 1942ರ ಮಾರ್ಚ್ 26ರಂದು ಅಲಹಾಬಾದಿನ ಆನಂದಭವನದಲ್ಲಿ ಇಂದಿರೆಯು ಧಾರೆಗೆ ಉಟ್ಟುದು ಎಳೆಗೆಂಪಿನ ಖಾದಿಯ ಸೀರೆ. ಅದರ ನೂಲನ್ನು ತೆಗೆದವರು ಆಕೆಯ ತಂದೆ ಜವಾಹರಲಾಲ ನೆಹರೂರವರು, ತೆಗೆದುದು ಸೆರೆಮನೆಯಲ್ಲಿ. ಮಂತ್ರದಲ್ಲಿ ಸ್ತ್ರೀಯರದಾಗಿದ್ದ ಕಾರ್ಯವನ್ನು ಇಲ್ಲಿ ತಂದೆಯು ನೆರವೇರಿಸಿದುದು ವಿಶೇಷ.

ಬೆಲೆ ಕೊಟ್ಟು ತಂದ ಪೀತಾಂಬರವು ಮೈಯನ್ನು ಸಿಂಗರಿಸೀತು. ಆದರೆ ನೂತವರ, ನೆಯ್ದವರ ಹೆಸರಿನಲ್ಲಿ ಹರಸುವ ಮಂತ್ರವು ಸಾರ್ಥಕವಾಗುವುದು, ಆ ಕೈಗಳನ್ನು ವಧುವು ಬಲ್ಲವಳಾದಾಗಲೇ.