ನೈತಿಕ ವೀಗನ್‌ವಾದ ಮತ್ತು ಸಸ್ಯಮೂಲ ಆಹಾರ

ನೈತಿಕ ವೀಗನ್‌ವಾದವು ಪ್ರಾಣಿಗಳನ್ನು ಮನುಷ್ಯನ ಬಳಕೆಯ ಸರಕಾಗಿ ಕಾಣಬಾರದು ಎಂಬ ಜೀವನನಿಲುವು. ಸಸ್ಯಮೂಲ ಆಹಾರವು ಧಾನ್ಯ, ಬೇಳೆಕಾಳು, ತರಕಾರಿ, ಹಣ್ಣು, ಎಣ್ಣೆಬೀಜಗಳನ್ನು ನೆಚ್ಚಿದ ಊಟದ ಕ್ರಮ. ಎರಡರಲ್ಲಿ ಯಾವುದನ್ನು ಪಾಲಿಸುವವರ ತಟ್ಟೆಯಲ್ಲೂ ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲದಿರಬಹುದು. ಆದರೆ ಮೊದಲನೆಯದು ಉಡುವ ಬಟ್ಟೆ, ಮೆಟ್ಟುವ ಚಪ್ಪಲಿ, ಮಾಡುವ ಪೂಜೆ, ನೋಡುವ ಆಟಗಳಿಗೂ ಅನ್ವಯಿಸುತ್ತದೆ. ಎರಡನೆಯದು ಊಟಕ್ಕೆ ಸೀಮಿತ. ಭಾರತದ ರೂಢಿಯ ಸಸ್ಯಾಹಾರ ಇವೆರಡಕ್ಕಿಂತಲೂ ಬೇರೆ. ಅದರಲ್ಲಿ ಹಾಲು, ಮೊಸರು, ತುಪ್ಪ, ಜೇನುತುಪ್ಪಗಳಿಗೆ ಜಾಗವಿದೆ. ಗೋದಾವರಿ ತೀರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಜಿಲ್ಲೆಗಳ ಊಟ, ನೇಯ್ಗೆ, ದ್ರಾಕ್ಷಿ ಬೆಳೆ ಮತ್ತು ತೀರ್ಥಕ್ಷೇತ್ರಗಳಲ್ಲಿ ಈ ಮೂರರ ನಡುವಿನ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.

ಇತಿಹಾಸ

ವೀಗನ್ ಚಳವಳಿ ಹುಟ್ಟಿದ್ದು ಹಾಲಿನ ಪ್ರಶ್ನೆಯಿಂದ. ಮಾಂಸ ಬಿಟ್ಟವರು ಹಾಲನ್ನೂ ಮೊಟ್ಟೆಯನ್ನೂ ಬಿಡಬೇಕಲ್ಲವೇ ಎಂದು ಕೇಳಿದ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು 1944ರ ನವೆಂಬರ್‌ನಲ್ಲಿ ವೀಗನ್ ಸೊಸೈಟಿ ಸ್ಥಾಪಿಸಿದರು. 1951ರಲ್ಲಿ ಲೆಸ್ಲಿ ಕ್ರಾಸ್ ಈ ಸಂಘದ ಗುರಿಯನ್ನು ಊಟದಿಂದ ಆಚೆಗೆ ವಿಸ್ತರಿಸಿ, ಪ್ರಾಣಿಗಳ ಶೋಷಣೆಯಿಲ್ಲದೆ ಬದುಕುವುದೇ ಅದರ ಸಾರವೆಂದು ನಿರೂಪಿಸಿದರು. ಇಂದು ಸಂಘ ಬಳಸುವ ವ್ಯಾಖ್ಯೆಯು ಆಹಾರ, ಉಡುಪು ಅಥವಾ ಬೇರಾವುದೇ ಉದ್ದೇಶಕ್ಕಾಗಿ ನಡೆಯುವ ಶೋಷಣೆ ಮತ್ತು ಕ್ರೌರ್ಯವನ್ನು ಸಾಧ್ಯವಾದ ಮಟ್ಟಿಗೆ ದೂರವಿಡಬೇಕೆನ್ನುತ್ತದೆ. ಬದಲಿ ಸಿಗದ ಔಷಧವನ್ನು ಸೇವಿಸಿದ ಮಾತ್ರಕ್ಕೆ ನಿಲುವು ಮುರಿಯುವುದಿಲ್ಲ ಎಂಬುದಕ್ಕೆ 'ಸಾಧ್ಯವಾದ ಮಟ್ಟಿಗೆ' ಎಂಬ ಮಾತೇ ಆಧಾರ. ತತ್ತ್ವಜ್ಞಾನಿಗಳಾದ ಪೀಟರ್ ಸಿಂಗರ್ 1975ರಲ್ಲಿ ಮತ್ತು ಟಾಮ್ ರೀಗನ್ 1983ರಲ್ಲಿ ಪ್ರಕಟಿಸಿದ ಕೃತಿಗಳು ಪ್ರಾಣಿಗಳ ಬಗೆಗಿನ ನೈತಿಕ ಚಿಂತನೆಯನ್ನು ವಿಶ್ವವಿದ್ಯಾಲಯಗಳೊಳಕ್ಕೆ ತಂದವು.

ಸಸ್ಯಮೂಲ ಆಹಾರದ ಪರಿಕಲ್ಪನೆ ಬಂದ ದಾರಿ ಬೇರೆ. ಅಮೆರಿಕದ ಪೋಷಣಾ ವಿಜ್ಞಾನಿ ಟಿ. ಕಾಲಿನ್ ಕ್ಯಾಂಪ್‌ಬೆಲ್ 1980ರ ಸುಮಾರಿಗೆ ಈ ಹೆಸರನ್ನು ಬಳಕೆಗೆ ತಂದರು. ಊಟ ಮತ್ತು ಕಾಯಿಲೆಗಳ ಸಂಬಂಧವನ್ನು ನೈತಿಕ ವಾದಗಳಿಂದ ಬಿಡಿಸಿ, ಕೇವಲ ವಿಜ್ಞಾನವಾಗಿ ಚರ್ಚಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಹೀಗೆ ಈ ಎರಡನೆಯ ಹೆಸರು ಹುಟ್ಟಿದ್ದೇ ಮೊದಲನೆಯದರಿಂದ ದೂರ ನಿಲ್ಲಲು. ಸಡಿಲವಾದ ಬಳಕೆಯಲ್ಲಿ, ಬಹುಪಾಲು ಸಸ್ಯಾಹಾರವಿದ್ದು ಅಪರೂಪಕ್ಕೆ ಹಾಲು ಅಥವಾ ಮೊಟ್ಟೆ ಸೇರುವ ಕ್ರಮವನ್ನೂ ಇದೇ ಹೆಸರಿನಿಂದ ಕರೆಯುವುದುಂಟು.

ಭಾರತದಲ್ಲಿ ಈ ಭೇದವನ್ನು ಮೊದಲೇ ಗುರುತಿಸಿದವರಲ್ಲಿ ಗಾಂಧೀಜಿ ಪ್ರಮುಖರು. 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅವರು ಹಾಲು ಬಿಡುವ ವ್ರತ ತೊಟ್ಟರು. ಹಸು ಎಮ್ಮೆಗಳಿಂದ ಕೊನೆಯ ಹನಿಯನ್ನೂ ಹಿಂಡಲು ಗೌಳಿಗರು ನಡೆಸುತ್ತಿದ್ದ ಕ್ರೂರ ಪದ್ಧತಿಯೂ ಅದಕ್ಕೆ ಒಂದು ಕಾರಣ. ಮುಂದೆ ಕಾಯಿಲೆ ಬಿದ್ದಾಗ ಮೇಕೆಹಾಲು ಕುಡಿದದ್ದಕ್ಕೆ ನೊಂದುಕೊಂಡದ್ದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. 1931ರ ನವೆಂಬರ್‌ನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಮಾತನಾಡುತ್ತ, ಆರೋಗ್ಯವೊಂದನ್ನೇ ನಂಬಿ ಮಾಂಸ ಬಿಟ್ಟವರು ಹೆಚ್ಚಾಗಿ ಮರಳಿ ಅದಕ್ಕೇ ಹೋಗುತ್ತಾರೆ, ನೈತಿಕ ಆಧಾರವಿದ್ದರೆ ಮಾತ್ರ ಆ ನಿಲುವು ಉಳಿಯುತ್ತದೆ ಎಂಬ ಅಭಿಪ್ರಾಯ ಮಂಡಿಸಿದರು.

ಊಟದ ತಟ್ಟೆ

ಈ ಎರಡು ಜಿಲ್ಲೆಗಳ ಜನಸಾಮಾನ್ಯರ ಊಟದಲ್ಲಿ ಪ್ರಾಣಿಮೂಲದ ಪದಾರ್ಥವಿಲ್ಲದ ತಿನಿಸುಗಳು ಹೇರಳ. ಜೋಳ ಮತ್ತು ಸಜ್ಜೆಯ ಭಾಕರಿ, ಕಡಲೆಹಿಟ್ಟಿನ ಪಿಠಲೆ, ಹಸಿಮೆಣಸಿನ ಠೇಚಾ, ಸುಟ್ಟ ಬದನೆಕಾಯಿಯ ಭರೀತ, ಅಗಸೆ ಮತ್ತು ಗುರೆಳ್ಳಿನ ಚಟ್ನಿಪುಡಿಗಳಿಗೆ ಹಾಲು ತುಪ್ಪ ಬೇಕಿಲ್ಲ. ಉತ್ತರ ಕರ್ನಾಟಕದ ರೊಟ್ಟಿ ಊಟ ಬಲ್ಲವರಿಗೆ ಇದು ನೆರೆಮನೆಯ ಅಡುಗೆ. ನಾಸಿಕ್ ನಗರದ ಹೆಸರುವಾಸಿ ಮಿಸಳ್ ಮೊಳಕೆ ಬರಿಸಿದ ಮಡಕೆ ಕಾಳಿನ ಖಾರದ ರಸೆ. ಜೊತೆಗೆ ಕೊಡುವ ಮೊಸರನ್ನೂ ಪಾವ್‌ಗೆ ಸವರುವ ಬೆಣ್ಣೆಯನ್ನೂ ಬೇಡವೆಂದರೆ ಅದು ಪೂರ್ತಿ ಸಸ್ಯಮೂಲದ ತಿಂಡಿ. ಜಿಲ್ಲೆಯ ಪಶ್ಚಿಮದ ಸುರಗಾಣಾ, ಪೇಠ, ತ್ರ್ಯಂಬಕೇಶ್ವರ ತಾಲ್ಲೂಕುಗಳ ಕೋಕಣಾ ಮತ್ತು ವಾರ್ಲಿ ಆದಿವಾಸಿಗಳು ಬೆಳೆಯುವ ನಾಗಲಿ ನಮ್ಮ ರಾಗಿಯೇ. ಛತ್ರಪತಿ ಸಂಭಾಜಿನಗರದಲ್ಲಿ ನಾನ್‌-ಖಲಿಯಾದಂಥ ಮಾಂಸದಡುಗೆಗೂ ಅಷ್ಟೇ ಹೆಸರಿದೆ.

ಭಾಕರಿ-ಠೇಚಾ ಉಂಡು ಹೊಲಕ್ಕೆ ಹೋಗುವ ರೈತ ಆ ಹೊತ್ತಿಗೆ ಸಸ್ಯಮೂಲದ ಊಟ ಮಾಡಿದ್ದಾನೆ ಎನ್ನಬಹುದು. ಅಷ್ಟರಿಂದ ಆತ ವೀಗನ್ ಆಗುವುದಿಲ್ಲ. ಆತನ ಮನೆಯಲ್ಲಿ ಎಮ್ಮೆ ಇರಬಹುದು, ಹಬ್ಬದ ಹೋಳಿಗೆಗೆ ತುಪ್ಪ ಇರಬಹುದು. ಬೆಳೆಯುವ ನೆಲ, ಕೈಯಲ್ಲಿರುವ ಕಾಸು ಮತ್ತು ಊರ ರೂಢಿ ರೂಪಿಸಿದ ಊಟವದು. ನೈತಿಕ ವೀಗನ್‌ವಾದಕ್ಕೆ ಬೇಕಾದುದು ಪ್ರಾಣಿಯ ಕುರಿತ ಒಂದು ನಿರ್ಧಾರ.

ಹಾಲನ್ನು ಕುರಿತ ವಾದವೂ ಇಲ್ಲಿಯ ಬದುಕಿಗೆ ತಾಕುತ್ತದೆ. ಹಸು ಹಾಲು ಕೊಡಲು ಕರು ಹಾಕಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಟ್ರ್ಯಾಕ್ಟರ್ ಬಂದ ಹೊಲದಲ್ಲಿ ಹೋರಿಕರುವಿಗೆ ದುಡಿಮೆಯಿಲ್ಲ. ಮಹಾರಾಷ್ಟ್ರದಲ್ಲಿ 2015ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ಗೋವಿನ ಜೊತೆಗೆ ಹೋರಿ ಮತ್ತು ಎತ್ತುಗಳ ವಧೆಯನ್ನೂ ನಿಷೇಧಿಸಿತು; ಎಮ್ಮೆ ಕೋಣಗಳಿಗೆ ಆ ನಿಷೇಧವಿಲ್ಲ. ಎಮ್ಮೆ-ಕೋಣಗಳ ಮಾಂಸ ರಫ್ತು ಮಾಡುವ ದೇಶಗಳ ಮುಂಚೂಣಿಯಲ್ಲಿ ಭಾರತವಿದೆ. ಹೈನುಗಾರಿಕೆಯೂ ಕಸಾಯಿಖಾನೆಯೂ ಹೀಗೆ ಒಂದೇ ಸರಪಳಿಯ ಕೊಂಡಿಗಳೆಂಬುದು ನೈತಿಕ ವೀಗನರ ಮುಖ್ಯ ವಾದ. ಸಸ್ಯಮೂಲ ಆಹಾರದವರು ಹಾಲು ಬಿಟ್ಟಾಗ ಹೇಳುವ ಕಾರಣ ಕೊಬ್ಬು, ಅಜೀರ್ಣ ಅಥವಾ ಪರಿಸರದ್ದಾಗಿರಬಹುದು. ಈ ಸರಪಳಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕೆಂದಿಲ್ಲ.

ಪೈಠಣಿ ಸೀರೆ

ಎರಡು ನಿಲುವುಗಳೂ ಬೇರೆಯಾಗುವ ಅತ್ಯಂತ ಸ್ಪಷ್ಟ ಜಾಗ ರೇಷ್ಮೆ. ಪೈಠಣಿ ಸೀರೆಗೆ ಹೆಸರು ಕೊಟ್ಟ ಪೈಠಣ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ಇಂದು ಅದನ್ನು ಹೆಚ್ಚಾಗಿ ನೇಯುವ ಯೇವಲಾ ಪಟ್ಟಣ ನಾಸಿಕ್ ಜಿಲ್ಲೆಯಲ್ಲಿದೆ. ಇದರ ಸೆರಗಿನ ನವಿಲು, ಕಮಲಗಳನ್ನು ನೇಕಾರರು ಕೈಯಿಂದಲೇ ಎಳೆ ಎಳೆಯಾಗಿ ಕೂಡಿಸುತ್ತಾರೆ. ಈ ಮಗ್ಗಗಳಿಗೆ ಬೆಂಗಳೂರಿನ ಕಡೆಯಿಂದಲೂ ರೇಷ್ಮೆ ನೂಲು ಬರುವುದರಿಂದ ರಾಮನಗರ, ಶಿಡ್ಲಘಟ್ಟಗಳ ಗೂಡು ಮಾರುಕಟ್ಟೆಯನ್ನು ಬಲ್ಲ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ.

ಹಿಪ್ಪುನೇರಳೆ ಎಲೆ ಮೇದ ಹುಳು ತನ್ನ ಸುತ್ತ ನೂರಾರು ಮೀಟರ್ ಉದ್ದದ ಒಂದೇ ಎಳೆಯಿಂದ ಗೂಡು ಕಟ್ಟುತ್ತದೆ. ಚಿಟ್ಟೆಯಾಗಿ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಆದ್ದರಿಂದ ಕೋಶಾವಸ್ಥೆಯಲ್ಲಿರುವಾಗಲೇ ಅದನ್ನು ಬಿಸಿಗಾಳಿ, ಹಬೆ ಅಥವಾ ಕುದಿನೀರಿನಿಂದ ಕೊಂದು ನೂಲು ಬಿಚ್ಚಲಾಗುತ್ತದೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಸಸ್ಯಮೂಲ ಆಹಾರ ಪಾಲಿಸುವ ಮಹಿಳೆ ಮದುವೆಗೆ ಪೈಠಣಿ ಉಟ್ಟರೆ ಆಕೆಯ ಕ್ರಮಕ್ಕೆ ಭಂಗವಿಲ್ಲ. ನೈತಿಕ ವೀಗನ್ ಆದವರು ಅದನ್ನು ಉಡುವುದಿಲ್ಲ. ಹತ್ತಿ ಮತ್ತು ರೇಷ್ಮೆ ಬೆರೆಸಿ ನೇಯುವ ಔರಂಗಾಬಾದಿನ ಹಿಮ್ರೂ ಶಾಲನ್ನೂ ಒಲ್ಲರು. ಚಿಟ್ಟೆಯನ್ನು ಹೊರಹೋಗಲು ಬಿಟ್ಟು ನೂಲು ತೆಗೆಯುವ 'ಅಹಿಂಸಾ ರೇಷ್ಮೆ'ಯನ್ನು ಹೈದರಾಬಾದಿನ ಕುಸುಮ ರಾಜಯ್ಯ ಪ್ರಚಾರಕ್ಕೆ ತಂದರು. ಹಾರಲಾರದಂತೆ ತಲೆತಲಾಂತರದಿಂದ ಸಾಕಿ ಬದಲಾಯಿಸಿದ ಜೀವಿಯನ್ನು ನೂಲಿಗಾಗಿ ಬೆಳೆಸುವುದೇ ತಪ್ಪೆಂದು ಅನೇಕ ವೀಗನರು ಅದನ್ನೂ ಒಪ್ಪುವುದಿಲ್ಲ.

ದ್ರಾಕ್ಷಿ ಮತ್ತು ವೈನ್

ನಾಸಿಕ್ ದೇಶದ ಪ್ರಮುಖ ದ್ರಾಕ್ಷಿ ಜಿಲ್ಲೆ. 1999ರಲ್ಲಿ ರಾಜೀವ್ ಸಾಮಂತ್ ಆರಂಭಿಸಿದ ಸುಲಾ ವಿನ್ಯಾರ್ಡ್ಸ್ ಮತ್ತು ಮಹಾರಾಷ್ಟ್ರ ಸರ್ಕಾರ 2001ರಲ್ಲಿ ತಂದ ದ್ರಾಕ್ಷಿ ಸಂಸ್ಕರಣಾ ನೀತಿಯ ತರುವಾಯ ಇಲ್ಲಿ ವೈನ್ ಉದ್ಯಮ ಬೆಳೆಯಿತು. ವೈನ್ ಹಣ್ಣಿನ ರಸದ್ದೇ ಆದರೂ ಅದನ್ನು ತಿಳಿಗೊಳಿಸಲು ಲೋಕದಾದ್ಯಂತ ಬಳಕೆಯಲ್ಲಿರುವ ಪದಾರ್ಥಗಳಲ್ಲಿ ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಜೆಲಾಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಸೇರಿವೆ. ಬೆಂಟೊನೈಟ್ ಎಂಬ ಜೇಡಿಮಣ್ಣು ಅಥವಾ ಬಟಾಣಿಯ ಪ್ರೋಟೀನ್ ಬಳಸಿಯೂ ಇದೇ ಕೆಲಸ ಮಾಡಬಹುದು. ತಿಳಿಗೊಳಿಸುವ ಪದಾರ್ಥ ಕೆಳಗಿಳಿದು ಬೇರ್ಪಡುವುದರಿಂದ ಬಾಟಲಿಯಲ್ಲಿ ಅದು ಉಳಿಯುವುದೇ ವಿರಳ. ಹಾಗಾಗಿ ಆರೋಗ್ಯವನ್ನಷ್ಟೇ ನೋಡುವವರಿಗೆ ಇದು ಸಣ್ಣ ವಿಷಯ. ತಯಾರಿಕೆಯ ದಾರಿಯನ್ನೂ ನೋಡುವ ನೈತಿಕ ವೀಗನರಿಗೆ ಇದೇ ನಿರ್ಣಾಯಕ.

ಪೂಜೆ, ಕಥೆ ಮತ್ತು ಅಹಿಂಸೆಯ ಪರಂಪರೆ

ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ತ್ರ್ಯಂಬಕೇಶ್ವರ ನಾಸಿಕ್ ಜಿಲ್ಲೆಯಲ್ಲಿದೆ, ಘೃಷ್ಣೇಶ್ವರ ಎಲ್ಲೋರಾದ ಬಳಿಯಿದೆ. ಅಭಿಷೇಕದ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನು ಎಂಬ ನಾಲ್ಕು ಪ್ರಾಣಿಮೂಲದವು. ಸಕ್ಕರೆ ಮಾತ್ರ ಸಸ್ಯದ್ದು. ಭಕ್ತನಾದ ನೈತಿಕ ವೀಗನ್‌ಗೆ ಇಲ್ಲಿ ಯೋಚಿಸಬೇಕಾದ ಪ್ರಶ್ನೆಯಿದೆ. ನೀರು, ಬಿಲ್ವಪತ್ರೆ, ಎಳನೀರುಗಳಿಂದ ಪೂಜೆ ಸಲ್ಲಿಸುವುದು ಅವರಿಗೆ ತೆರೆದಿರುವ ದಾರಿ.

ಪ್ರಾಣಿಯ ನೋವನ್ನು ನೈತಿಕ ಪ್ರಶ್ನೆಯಾಗಿ ನೋಡುವುದು ಈ ನೆಲಕ್ಕೆ ಹೊಸತಲ್ಲ. ಅಜಂತಾದ 17ನೇ ಗುಹೆಯಲ್ಲಿ ಬೇಡನಿಗೆ ತನ್ನ ದಂತಗಳನ್ನೇ ಕೊಟ್ಟ ಆನೆಯ ಷಡ್ದಂತ ಜಾತಕವೆಂಬ ಬೌದ್ಧ ಕಥೆ ಚಿತ್ರಿತವಾಗಿದೆ. ಅಲ್ಲಿ ಬೋಧಿಸತ್ವನೇ ಪ್ರಾಣಿ. ರಾಷ್ಟ್ರಕೂಟರ ಒಂದನೆಯ ಕೃಷ್ಣ ಕಡೆಯಿಸಿದ ಕೈಲಾಸ ದೇವಾಲಯವಿರುವ ಎಲ್ಲೋರಾದಲ್ಲಿ 30ರಿಂದ 34ರವರೆಗಿನ ಗುಹೆಗಳು ಜೈನರವು. ಪೈಠಣದ ಸಂತ ಏಕನಾಥರು ರಾಮೇಶ್ವರಕ್ಕೆಂದು ಹೊತ್ತು ತಂದ ಗಂಗಾಜಲವನ್ನು ಬಾಯಾರಿದ ಕತ್ತೆಗೆ ಕುಡಿಸಿದ ಕಥೆ ಮಹಾರಾಷ್ಟ್ರದ ಮನೆಮನೆಯಲ್ಲಿದೆ. ಆದರೂ ಈ ಪರಂಪರೆಗಳು ಹಾಲನ್ನು ಹಿಂಸೆಯ ಪಟ್ಟಿಗೆ ಸೇರಿಸಲಿಲ್ಲ. ಗಡ್ಡೆಗೆಣಸು ಬಿಡುವ ಜೈನ ಮನೆಯಲ್ಲೂ ತುಪ್ಪ ಉಂಟು.

ಕನ್ನಡ ಸಾಹಿತ್ಯದಲ್ಲಿ ಈ ವಿವೇಚನೆಯ ತುದಿ ಮುಟ್ಟಿದ್ದು 1209ರಲ್ಲಿ ರಚಿತವಾದ ಜನ್ನನ 'ಯಶೋಧರ ಚರಿತೆ'. ಯಶೋಧರ ರಾಜ ಜೀವಂತ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಆದರೂ ಕೊಲ್ಲುವ ಸಂಕಲ್ಪದ ಪಾಪದಿಂದ ಅವನೂ ತಾಯಿ ಚಂದ್ರಮತಿಯೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಆ ಕೋಳಿಯಲ್ಲಿದ್ದುದು ಬರೀ ಹಿಟ್ಟು. ವಸ್ತು ಸಸ್ಯದ್ದಾದರೆ ಸಾಲದು, ಪ್ರಾಣಿಯ ಕಡೆಗಿನ ಮನೋಭಾವವೇ ಮುಖ್ಯ ಎಂಬ ಈ ವಿಚಾರ ನೈತಿಕ ವೀಗನ್‌ವಾದಕ್ಕೆ ತೀರ ಹತ್ತಿರದ್ದು.

ಕಾನೂನು

ಭಾರತದ ಆಹಾರ ನಿಯಮಗಳ ಪ್ರಕಾರ ಹಾಲು ಮತ್ತು ಜೇನು ಇದ್ದ ತಿನಿಸಿಗೂ ಸಸ್ಯಾಹಾರದ ಹಸಿರು ಚುಕ್ಕೆ ಸಿಗುತ್ತದೆ. ವೀಗನ್ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಪ್ರತ್ಯೇಕ ನಿಯಮ ತಂದಿತು. ಎಲೆ ಮೂಡಿದ 'ವಿ' ಅಕ್ಷರದ ಹಸಿರು ಚಿಹ್ನೆ ಪಡೆಯಬೇಕಾದರೆ ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ಪದಾರ್ಥ ಬಳಸಿರಬಾರದು. ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿರಲೂಬಾರದು. ಈ ಕೊನೆಯ ಷರತ್ತು ಪೋಷಣೆಗೆ ಸಂಬಂಧಿಸಿದ್ದಲ್ಲ, ನೀತಿಗೆ ಸಂಬಂಧಿಸಿದ್ದು. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ದೇಶ 2014ರಲ್ಲೇ ನಿಷೇಧಿಸಿದೆ.

ಬ್ರಿಟನ್ನಿನಲ್ಲಿ ಜೋರ್ಡಿ ಕಾಸಾಮಿಟ್ಜಾನಾ ಪ್ರಕರಣದಲ್ಲಿ ಉದ್ಯೋಗ ನ್ಯಾಯಮಂಡಳಿ 2020ರ ಜನವರಿಯಲ್ಲಿ, ನೈತಿಕ ವೀಗನ್‌ವಾದ ಕಾನೂನಿನ ರಕ್ಷಣೆಗೆ ಅರ್ಹವಾದ ತಾತ್ವಿಕ ನಂಬಿಕೆ ಎಂದು ತೀರ್ಪಿತ್ತಿತು. ಆ ಮಾನ್ಯತೆ ದೊರೆತದ್ದು ನಂಬಿಕೆಗೆ, ಊಟದ ಪಟ್ಟಿಗಲ್ಲ. ಭಾರತದಲ್ಲಿ ಸುಪ್ರೀಂ ಕೋರ್ಟ್ 2023ರ ಮೇ 18ರಂದು ತಮಿಳುನಾಡಿನ ಜಲ್ಲಿಕಟ್ಟು, ಕರ್ನಾಟಕದ ಕಂಬಳ ಮತ್ತು ಮಹಾರಾಷ್ಟ್ರದ ಎತ್ತಿನಗಾಡಿ ಓಟಗಳಿಗೆ ಅವಕಾಶ ಕೊಟ್ಟ ರಾಜ್ಯ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನೈತಿಕ ವೀಗನರು ಇಂಥ ಸ್ಪರ್ಧೆಗಳನ್ನು ವಿರೋಧಿಸುತ್ತಾರೆ. ಸಸ್ಯಮೂಲ ಆಹಾರಕ್ಕೆ ಈ ವಿಷಯದಲ್ಲಿ ನಿಲುವೇ ಇಲ್ಲ.

ಟೀಕೆ ಮತ್ತು ಚರ್ಚೆ

ಛತ್ರಪತಿ ಸಂಭಾಜಿನಗರವಿರುವ ಮರಾಠವಾಡ ಮಳೆಯ ಅಭಾವದ ಪ್ರದೇಶ. ಬೆಳೆ ಒಣಗಿದಾಗ ಸಣ್ಣ ರೈತನ ಕೈಗೆ ಕಾಸು ಬರುವುದು ಹಾಲಿನಿಂದ, ಮೇಕೆಯಿಂದ. ಬದಲಿ ಜೀವನೋಪಾಯ ತೋರಿಸದ ಉಪದೇಶ ಅವರಿಗೆ ಅನ್ಯಾಯವಾಗುತ್ತದೆಂಬುದು ಮೊದಲ ಟೀಕೆ. ಯೇವಲಾದ ನೇಕಾರರ ವಿಷಯದಲ್ಲೂ ಇದೇ ಮಾತು ಸಲ್ಲುತ್ತದೆ. ಎರಡನೆಯದು ಜಾತಿಯದು. ಭಾರತದಲ್ಲಿ ಮಾಂಸ ಬಿಡುವುದು ಮಡಿ-ಮೈಲಿಗೆಯೊಡನೆ ಹೆಣೆದುಕೊಂಡಿದೆ, ದಲಿತರ ಊಟವನ್ನು ಕೀಳೆಂದು ಹೀಯಾಳಿಸಲು ಬಳಕೆಯಾಗಿದೆ. ಮರಾಠವಾಡದ ಮಹಾರ್ ಮತ್ತು ಮಾಂಗ್ ಸಮುದಾಯಗಳ ಅಡುಗೆಯನ್ನು ದಾಖಲಿಸಿದ ಶಾಹು ಪಾಟೋಳೆಯವರ ಮರಾಠಿ ಕೃತಿ 'ಅನ್ನ ಹೇ ಅಪೂರ್ಣಬ್ರಹ್ಮ' (2015) ಈ ಅವಮಾನದ ಚರಿತ್ರೆಯನ್ನು ಮುಂದಿಡುತ್ತದೆ. ಆದರೆ ನೈತಿಕ ವೀಗನ್‌ವಾದ ಪ್ರಾಣಿಯ ಪರವಾದ ನಿಲುವೇ ಹೊರತು ಉಣ್ಣುವವನ ಶುದ್ಧಿಯ ಲೆಕ್ಕವಲ್ಲ. ಮನುಷ್ಯರನ್ನು ಕೀಳಾಗಿ ಕಂಡರೆ ಅದು ತನ್ನ ತತ್ತ್ವಕ್ಕೇ ದ್ರೋಹ ಬಗೆದಂತೆ. ಹಾಲು ತುಪ್ಪವನ್ನೂ ಪ್ರಶ್ನಿಸುವ ಈ ವಾದ ಮಾಂಸ ತಿನ್ನುವವರಿಗೆ ಎಷ್ಟು ಅನ್ವಯಿಸುತ್ತದೋ ರೂಢಿಯ ಸಸ್ಯಾಹಾರಿಗಳಿಗೂ ಅಷ್ಟೇ ಅನ್ವಯಿಸುತ್ತದೆ.

ಪೋಷಣೆ

ಪೋಷಣೆಯ ನಿಯಮಗಳು ನೈತಿಕ ವೀಗನರಿಗೂ ಸಸ್ಯಮೂಲ ಆಹಾರದವರಿಗೂ ಒಂದೇ. ಬಿ12 ಜೀವಸತ್ವ ಸಸ್ಯಾಹಾರದಿಂದ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಅಗತ್ಯ. ಕ್ಯಾಲ್ಸಿಯಂಗೆ ರಾಗಿ, ಎಳ್ಳು, ಸೊಪ್ಪು. ಪ್ರೋಟೀನಿಗೆ ಬೇಳೆಕಾಳು, ಶೇಂಗಾ, ಸೋಯಾ. ಒಮೇಗಾ-3 ಕೊಬ್ಬಿಗೆ ಅಗಸೆ ನೆರವಾಗುತ್ತದೆ. ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳಿಗೆ ವೈದ್ಯರ ಸಲಹೆ ಬೇಕು. ಪ್ರಾಣಿಮೂಲವಲ್ಲ ಎಂದ ಮಾತ್ರಕ್ಕೆ ತಿನಿಸು ಆರೋಗ್ಯಕರವಾಗುವುದಿಲ್ಲ: ಎಣ್ಣೆಯಲ್ಲಿ ಕರಿದ ಶೇವು, ಸಕ್ಕರೆ ತುಂಬಿದ ತಂಪುಪಾನೀಯಗಳು ನೈತಿಕ ವೀಗನರಿಗೆ ನಿಷಿದ್ಧವಲ್ಲ, ಆದರೆ ಆರೋಗ್ಯಕ್ಕಾಗಿ ಇಡಿಧಾನ್ಯ, ಕಾಳುಗಳ ಊಟ ಹಿಡಿದವರು ಅವನ್ನು ದೂರವಿಡುತ್ತಾರೆ.

ಸಾರಾಂಶ

ಸಸ್ಯಮೂಲ ಆಹಾರವನ್ನು ಅಳೆಯಬೇಕಾದುದು ದೇಹಕ್ಕೂ ಭೂಮಿಗೂ ಅದರಿಂದಾಗುವ ಪರಿಣಾಮದಿಂದ. ಹೊಸ ಪುರಾವೆ ಬಂದರೆ ಅದು ಬದಲಾಗಬಹುದು, ಬದಲಾಗಬೇಕು. ನೈತಿಕ ವೀಗನ್‌ವಾದವನ್ನು ಅಳೆಯಬೇಕಾದುದು ನ್ಯಾಯದ ಅಳತೆಯಿಂದ. ಹಾಲು ಆರೋಗ್ಯಕ್ಕೆ ಒಳ್ಳೆಯದೆಂದು ನಾಳೆ ಸಾಬೀತಾದರೂ ಅದರ ವಾದ ಬದಲಾಗದು. ಒಂದನ್ನು ಇನ್ನೊಂದರ ಹೆಸರಿನಿಂದ ಕರೆದರೆ ಕೊಳ್ಳುವವರಿಗೆ ತಪ್ಪು ಮಾಹಿತಿ ಹೋಗುತ್ತದೆ, ಪ್ರಾಣಿಗಳ ಪರವಾದ ಮಾತೂ ಅಡುಗೆಯ ಚರ್ಚೆಯಲ್ಲಿ ಮುಳುಗಿಹೋಗುತ್ತದೆ. ಎರಡೂ ಗೌರವಕ್ಕೆ ಅರ್ಹ. ಎರಡೂ ಒಂದೇ ಅಲ್ಲ.