ನೈಜರ್ ನದಿಯ ದಾರಿ

ಆಫ್ರಿಕದ ಭೂಪಟವನ್ನು ಬಿಡಿಸಿದರೆ ಅದರ ಪಶ್ಚಿಮ ಭಾಗದಲ್ಲಿ ಬಿಲ್ಲಿನಂತೆ ಬಾಗಿದ ನದಿಯೊಂದು ಕಣ್ಣಿಗೆ ಬೀಳುತ್ತದೆ. ಗಿನಿ ದೇಶದ ಬೆಟ್ಟಗಳಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಕೇವಲ 150 ಮೈಲಿ ದೂರದಲ್ಲಿ ಹುಟ್ಟುವ ಈ ನೈಜರ್ ನದಿಯು ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಈಶಾನ್ಯಕ್ಕೆ ಸಹಾರ ಮರುಭೂಮಿಯ ಅಂಚಿನವರೆಗೂ ಹೋಗುತ್ತದೆ. ಟಿಂಬಕ್ಟು ಪಟ್ಟಣದ ಬಳಿಯನ್ನು ಹಾದು, ಆಗ್ನೇಯಕ್ಕೆ ಹೊರಳಿ, 2,600 ಮೈಲಿ ನಡೆದ ಮೇಲೆ ಗಿನಿ ಕೊಲ್ಲಿಯನ್ನು ಸೇರುತ್ತದೆ. ಇಂದು ಶಾಲೆಯ ಬಾಲಕನೂ ಇದನ್ನು ಬೆರಳಿನಿಂದ ತೋರಿಸಬಲ್ಲನು. ಆದರೆ ಇದು ವಿದ್ವಾಂಸರಿಗೆ ತಿಳಿದುದು 1830ರಲ್ಲಿ.

ಅದಕ್ಕೆ ಮುಂಚೆ ಊಹೆಗಳಿಗೆ ಕೊರತೆಯಿರಲಿಲ್ಲ. 1352–53ರಲ್ಲಿ ಮಾಲಿ ರಾಜ್ಯವನ್ನು ಸಂದರ್ಶಿಸಿದ ಇಬ್ನ್ ಬತೂತನು ಇದನ್ನು ನೈಲ್ ನದಿಯೆಂದೇ ತಿಳಿದನು. ಲಿಯೋ ಆಫ್ರಿಕಾನಸನು ಇದು ಪಶ್ಚಿಮಕ್ಕೆ ಹರಿಯುವುದೆಂದು ಬರೆದನು. ತೀರದ ಜನರಿಗೆ ತಮ್ಮ ತಮ್ಮ ಭಾಗದ ನದಿ ಚೆನ್ನಾಗಿಯೇ ಗೊತ್ತಿದ್ದಿತು. ಮೇಲಿನವರು ಜೋಲಿಬ ಎಂದರು, ಕೆಳಗಿನವರು ಕ್ವಾರ ಎಂದರು. ಇವೆರಡೂ ಒಂದೇ ಎಂಬುದನ್ನು ಕಾಗದದ ಮೇಲೆ ಕೂಡಿಸಿ ಬರೆಯುವುದು ಮಾತ್ರ ಉಳಿದಿದ್ದಿತು.

1796ರ ಜುಲೈ ತಿಂಗಳಲ್ಲಿ ಸ್ಕಾಟ್ಲೆಂಡಿನ ಯುವಕ ವೈದ್ಯ ಮಂಗೋ ಪಾರ್ಕನು, ಸುಲಿಗೆಗೂ ಸೆರೆಗೂ ಸಿಕ್ಕಿ ಬರಿಗೈಯಾಗಿ, ಸೆಗು ಪಟ್ಟಣದ ಬಳಿ ನದಿಯನ್ನು ಕಂಡನು. ಅದು ಪೂರ್ವಕ್ಕೆ ಹರಿಯುತ್ತಿದ್ದಿತು. ಲಿಯೋವಿನ ಮಾತು ಅಂದಿಗೆ ಮುಗಿಯಿತು. ಹಾಗಾದರೆ ಈ ನೀರೆಲ್ಲ ಎಲ್ಲಿಗೆ ಹೋಗುತ್ತದೆ?

ಇದಕ್ಕೆ ಉತ್ತರವಿತ್ತವನು ನಮಗೆ ಅಪರಿಚಿತನಲ್ಲ. ಬಂಗಾಳದ ಸರ್ವೇಯರ್ ಜನರಲ್ ಆಗಿದ್ದು, ಗಂಗಾ ಬ್ರಹ್ಮಪುತ್ರಾ ನದಿಗಳನ್ನು ಅಳೆದು ಹಿಂದೂಸ್ಥಾನದ ನಕ್ಷೆಯನ್ನು ಬರೆದ ಜೇಮ್ಸ್ ರೆನೆಲನೇ ಅವನು. ಪಾರ್ಕನ ವರದಿಯನ್ನು ನೋಡಿ, ನದಿಯು ಒಳನಾಡಿನ ಜವುಗಿನಲ್ಲಿ ಹರಡಿ ಬಿಸಿಲಿಗೆ ಆರಿಹೋಗುವುದೆಂದು ಅವನು ತೀರ್ಮಾನಿಸಿದನು. ಅಷ್ಟೇ ಅಲ್ಲ, ನದಿಗೆ ದಕ್ಷಿಣದಲ್ಲಿ ಪೂರ್ವಪಶ್ಚಿಮವಾಗಿ ಕಾಂಗ್ ಪರ್ವತಗಳೆಂಬ ದೊಡ್ಡ ಸಾಲೊಂದನ್ನು ಎಳೆದನು. ಬಂಗಾಳದಲ್ಲಿ ಅಳೆಯದೆ ಗೆರೆ ಎಳೆಯದಿದ್ದ ಕೈ, ಲಂಡನ್ನಿನಲ್ಲಿ ಕುಳಿತು ಇಲ್ಲದ ಪರ್ವತವನ್ನೇ ಎಬ್ಬಿಸಿತು! ದೊಡ್ಡವರ ಹೆಸರಿದ್ದುದರಿಂದ ನಕ್ಷೆಗಾರರು ಒಬ್ಬರನ್ನು ನೋಡಿ ಒಬ್ಬರು ಅದನ್ನು ಬರೆದುಕೊಂಡರು. 1887ರಿಂದ 1889ರವರೆಗೆ ಆ ಸೀಮೆಯಲ್ಲಿ ಸಂಚರಿಸಿದ ಫ್ರೆಂಚ್ ಅಧಿಕಾರಿ ಬಿಂಜೆಯು ಅಲ್ಲಿ ಅಂತಹ ಪರ್ವತವೇ ಇಲ್ಲವೆಂದು ತಿಳಿಸುವವರೆಗೂ ಅದು ಅಲುಗಲಿಲ್ಲ.

ಊಹೆಗಳಿಗೆ ತೆತ್ತ ಬೆಲೆಯೂ ಅಲ್ಪವಲ್ಲ. 1805ರಲ್ಲಿ ಪಾರ್ಕನು ನಾಲ್ವತ್ತಕ್ಕೂ ಹೆಚ್ಚು ಮಂದಿ ಐರೋಪ್ಯರೊಡನೆ ಮತ್ತೆ ಹೊರಟನು. ಜ್ವರಕ್ಕೂ ಭೇದಿಗೂ ಬಲಿಯಾಗಿ, ದೋಣಿಯೇರುವ ವೇಳೆಗೆ ಅವನೂ ಸೇರಿ ಐವರು ಉಳಿದಿದ್ದರು. ಬುಸ್ಸಾದ ರಭಸದಲ್ಲಿ ಅವರೂ ಮಡಿದರು. (ಆ ಸ್ಥಳವು ಈಗ ಕೈಂಜಿ ಜಲಾಶಯದಲ್ಲಿ ಮುಳುಗಿದೆ.) ನೈಜರೂ ಕಾಂಗೊವೂ ಒಂದೇ ಇರಬಹುದೆಂದು 1816ರಲ್ಲಿ ಕಾಂಗೊ ನದಿಯನ್ನೇರಿದ ಟಕಿಯೂ ಹಿಂದಿರುಗಲಿಲ್ಲ.

ವಿಚಿತ್ರವೆಂದರೆ, ಐರೋಪ್ಯ ವರ್ತಕರ ಹಡಗುಗಳು ಆ ವೇಳೆಗೆ ತಲೆಮಾರುಗಳಿಂದ ನೈಜರಿನ ಬಾಗಿಲಲ್ಲೇ ಲಂಗರು ಹಾಕುತ್ತಿದ್ದುವು. ಗುಲಾಮರನ್ನೂ ತಾಳೆಯೆಣ್ಣೆಯನ್ನೂ ಕೊಳ್ಳುತ್ತಿದ್ದ ಅವರಿಗೆ, ಕಾಂಡ್ಲಾ ಕಾಡುಗಳ ನಡುವಿನ ಆ ಕವಲುಗಳು ಬೇರೆ ಬೇರೆ ಸಣ್ಣ ಹೊಳೆಗಳಾಗಿ ತೋರಿದುವು. ಅವೆಲ್ಲ ಒಂದು ಮಹಾನದಿಯ ಮುಖಗಳೆಂದು ಜರ್ಮನ್ ಭೂಗೋಳಜ್ಞ ರೈಕಾರ್ಡನು ಕೆಲವು ವರ್ಷಗಳ ಹಿಂದೆಯೇ ಹೇಳಿದ್ದನು. ಯಾರು ಕೇಳಬೇಕು?

ಕಡೆಗೆ ಇದನ್ನು ನಿಶ್ಚಯಪಡಿಸಿದವನು ಪಂಡಿತನಲ್ಲ. ಅನ್ವೇಷಕ ಕ್ಲಾಪರ್ಟನ್ನನ ಸೇವಕನಾಗಿದ್ದು, 1827ರಲ್ಲಿ ಒಡೆಯನು ತೀರಿಕೊಂಡ ಮೇಲೆ ಊರಿಗೆ ಮರಳಿದ ರಿಚರ್ಡ್ ಲ್ಯಾಂಡರನು, ತಮ್ಮ ಜಾನನೊಡನೆ ಬುಸ್ಸಾದಿಂದ ದೋಣಿಗಳಲ್ಲಿ ಇಳಿದನು. ದಾರಿಯಲ್ಲಿ ಇಬ್ಬರೂ ಸೆರೆಸಿಕ್ಕಿ, ಬಿಡುಗಡೆಯ ಹಣದ ಭರವಸೆಯಿತ್ತು, 1830ರ ನವೆಂಬರಿನಲ್ಲಿ ಸಮುದ್ರವನ್ನು ಮುಟ್ಟಿದರು.

ನದಿಯ ಈ ಬಾಗಿಗೆ ಭೂಶಾಸ್ತ್ರಜ್ಞರು ಕೊಡುವ ಕಾರಣವನ್ನು ಕೇಳಿದಾಗ ನಮಗೆ ರೆನೆಲನ ಮೇಲಿನ ಸಿಟ್ಟು ತುಸು ಇಳಿಯುತ್ತದೆ. ಪೂರ್ವಕಾಲದಲ್ಲಿ ಇವು ಎರಡು ನದಿಗಳಾಗಿದ್ದುವೆಂದೂ, ಮೇಲಿನದು ಸಹಾರದ ಒಳಗಿನ ತಗ್ಗಿನಲ್ಲೇ ಕೊನೆಗಾಣುತ್ತಿದ್ದಿತೆಂದೂ, ಮುಂದೆ ಕೆಳಗಿನದರೊಡನೆ ಕೂಡಿತೆಂದೂ ಅವರ ಅಭಿಪ್ರಾಯ. ಇಂದಿಗೂ ಮಾಲಿ ದೇಶದ ಒಳನಾಡಿನ ಮುಖಜಭೂಮಿಯಲ್ಲಿ ನೈಜರ್ ಸಾವಿರಾರು ಚದರ ಮೈಲಿ ಹರಡಿ ನಿಲ್ಲುತ್ತದೆ. ಅಲ್ಲಿ ಅದರ ನೀರಿನ ದೊಡ್ಡ ಪಾಲು ಬಿಸಿಲಿಗೆ ಆರಿಹೋಗುತ್ತದೆ.